ಕೀ ಇದ್ದ ಮಾತ್ರಕ್ಕೆ ಬಾಗಿಲು ತೆರೆಯಬಹುದೇ?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದವರೆಲ್ಲ ಈ ಮಾತು ಕೇಳಿರುತ್ತಾರೆ. ಅಡ್ವಾನ್ಸ್ ಕೊಟ್ಟು, ಅಗ್ರಿಮೆಂಟಿಗೆ ಸಹಿ ಹಾಕಿ, ಕೀ ಇಸಿದುಕೊಳ್ಳುವ ಹೊತ್ತಿಗೆ ಓನರ್ ಹೇಳುತ್ತಾರೆ: "ಇನ್ನೊಂದು ಕೀ ನಮ್ಮ ಹತ್ರಾನೇ ಇರುತ್ತೆ, ಏನಾದ್ರೂ ಎಮರ್ಜೆನ್ಸಿ ಆದ್ರೆ ಬೇಕಲ್ಲ." ತಿಂಗಳುಗಟ್ಟಲೆ ಅಲೆದು ಸಿಕ್ಕ ಮನೆ, ಹತ್ತು ತಿಂಗಳ ಬಾಡಿಗೆ ಅಡ್ವಾನ್ಸಿನ ರೂಪದಲ್ಲಿ ಅವರ ಕೈಯಲ್ಲಿದೆ. ಆ ಗಳಿಗೆಯಲ್ಲಿ ಬೇಡ ಅನ್ನುವವರು ಕಡಿಮೆ.

ಆಮೇಲೆ ಒಂದು ಸಂಜೆ ಆಫೀಸಿನಿಂದ ಬಂದರೆ ಬಚ್ಚಲುಮನೆಯ ನಲ್ಲಿ ಹೊಸದಾಗಿರುತ್ತದೆ. ಪ್ಲಂಬರ್ ಬಂದು ಹೋಗಿದ್ದಾನೆ, ಮನೆಯವರಿಗೆ ಸುದ್ದಿಯೇ ಇಲ್ಲ. ಇನ್ನೊಂದು ಮನೆಯಲ್ಲಿ, ಖಾಲಿ ಮಾಡಲು ಇನ್ನೂ ತಿಂಗಳಿರುವಾಗಲೇ, ಮನೆ ನೋಡಲು ಬಂದ ಗಂಡ ಹೆಂಡತಿಯನ್ನು ಓನರ್ ನೇರ ಮಲಗುವ ಕೋಣೆಗೇ ಕರೆದೊಯ್ದಿರುತ್ತಾರೆ. ಮತ್ತೊಂದು ಕಡೆ, 'ವೆಜ್ ಓನ್ಲಿ' ಎಂದು ಕೊಟ್ಟ ಮನೆಯಲ್ಲಿ ಮಾಂಸ ಬೇಯಿಸುತ್ತಾರೇನೋ ಎಂಬ ಅನುಮಾನಕ್ಕೆ ಯಾರೂ ಇಲ್ಲದ ಹೊತ್ತು ನೋಡಿ ಫ್ರಿಜ್ ತೆಗೆದಿರುತ್ತಾರೆ. ಇನ್ನೆಲ್ಲೋ ಬಾಡಿಗೆ ಹತ್ತು ದಿನ ತಡವಾಗಿದೆ. ಓನರ್ ಇಬ್ಬರನ್ನು ಕರೆದುಕೊಂಡು ಬಂದು ಹಾಲ್‌ನಲ್ಲಿ ಕೂತಿದ್ದಾರೆ, "ದುಡ್ಡು ಕೈಗೆ ಬರೋವರೆಗೂ ಏಳಲ್ಲ" ಅನ್ನುತ್ತಿದ್ದಾರೆ.

ಒಳಗೆ ಬಾಳುತ್ತಿರುವವರಿಗೆ ನಾಲ್ಕೂ ಒಂದೇ ಥರ ನೋಯುತ್ತವೆ. ಕಾನೂನು ಮಾತ್ರ ನಾಲ್ಕನ್ನೂ ಬೇರೆ ಬೇರೆ ಇಟ್ಟು ನೋಡುತ್ತದೆ. ಹಾಲ್‌ನಲ್ಲಿ ಕೂತದ್ದು ಅಪರಾಧ ಎನ್ನಲು ಹೆಚ್ಚು ಯೋಚಿಸಬೇಕಾಗಿಲ್ಲ. ಫ್ರಿಜ್ ತೆಗೆದದ್ದರ ಬಗ್ಗೆ ವಾದ ಮಾಡಿ ಗೆಲ್ಲಲು ಅವಕಾಶವಿದೆ. ಪ್ಲಂಬರನನ್ನು ಕರೆತಂದದ್ದು, ಮನೆ ತೋರಿಸಿದ್ದು ಬಹುಮಟ್ಟಿಗೆ ಕ್ರಿಮಿನಲ್ ಕಾನೂನಿನ ಕೈಗೆ ಸಿಗುವುದಿಲ್ಲ. ಹೀಗೇಕೆ ಎಂದು ತಿಳಿದಿರುವುದು ಬಾಡಿಗೆದಾರರಿಗೆ ಎಷ್ಟು ಮುಖ್ಯವೋ ಮನೆ ಮಾಲೀಕರಿಗೂ ಅಷ್ಟೇ ಮುಖ್ಯ. "ನನ್ನ ಮನೆಗೆ ನಾನು ಹೋದರೆ ಯಾರೇನು ಕೇಳುತ್ತಾರೆ" ಎಂಬ ನಂಬಿಕೆಯಲ್ಲೇ ಅನೇಕರು ತಮಗೆ ಗೊತ್ತಿಲ್ಲದೆ ಅಪರಾಧದ ಗೆರೆ ದಾಟುತ್ತಾರೆ.

ಒಡೆತನ ಬೇರೆ, ಸ್ವಾಧೀನ ಬೇರೆ

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಅತಿಕ್ರಮ ಪ್ರವೇಶವನ್ನು ಕುರಿತದ್ದು. ಹಳೆಯ ದಂಡ ಸಂಹಿತೆಯ 441, 442, 447 ಮತ್ತು 448ನೇ ಕಲಂಗಳಲ್ಲಿ ಹಂಚಿಕೊಂಡಿದ್ದ ಮಾತನ್ನು ಇಲ್ಲಿ ಒಂದೆಡೆ ತಂದಿದ್ದಾರೆ. ತಿರುಳು ಬದಲಾಗಿಲ್ಲ. ಇನ್ನೊಬ್ಬರ ಸ್ವಾಧೀನದಲ್ಲಿರುವ ಸ್ವತ್ತಿನೊಳಗೆ ಅಪರಾಧ ಮಾಡುವ ಉದ್ದೇಶದಿಂದ, ಇಲ್ಲವೇ ಅಲ್ಲಿರುವವರನ್ನು ಬೆದರಿಸುವ, ಅವಮಾನಿಸುವ, ಪೀಡಿಸುವ ಉದ್ದೇಶದಿಂದ ಹೋಗುವುದು ಅಪರಾಧ. ನ್ಯಾಯವಾಗಿಯೇ ಒಳಗೆ ಬಂದವರು ಆಮೇಲೆ ಅಂಥದೇ ಉದ್ದೇಶದಿಂದ ಅಲ್ಲೇ ಅಕ್ರಮವಾಗಿ ಉಳಿದುಕೊಂಡರೆ ಅದೂ ಅಪರಾಧವೇ. ಹೀಗೆ ಹೊಕ್ಕ ಜಾಗ ಜನ ವಾಸಿಸುವ ಮನೆಯಾಗಿದ್ದರೆ ಅದು ಗೃಹ ಅತಿಕ್ರಮ. ಮೈಯೆಲ್ಲ ಒಳಗೆ ಬಂದಿರಬೇಕಾಗಿಲ್ಲ, ದೇಹದ ಒಂದು ಭಾಗ ಹೊಸ್ತಿಲು ದಾಟಿದರೂ ಪ್ರವೇಶವಾಯಿತು. ಗೃಹ ಅತಿಕ್ರಮಕ್ಕೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆಯ ಸಂಹಿತೆಯಲ್ಲಿ ದಂಡದ ಮಿತಿ 1,000 ರೂಪಾಯಿ ಇತ್ತು.

ಈ ವ್ಯಾಖ್ಯೆಯಲ್ಲಿ ಒಡೆಯ ಎಂಬ ಮಾತು ಎಲ್ಲೂ ಬರುವುದಿಲ್ಲ. ಬರುವುದು ಸ್ವಾಧೀನದಲ್ಲಿರುವವರು ಎಂಬ ಮಾತು. ಖಾತೆ ಯಾರ ಹೆಸರಿನಲ್ಲಿದೆ, ಕಂದಾಯ ಯಾರು ಕಟ್ಟುತ್ತಾರೆ, ಕ್ರಯಪತ್ರ ಯಾರ ಬೀರುವಿನಲ್ಲಿದೆ ಎಂಬುದು ಈ ಕಲಮಿಗೆ ಬೇಕಿಲ್ಲ. ಮನೆಯನ್ನು ಬಾಡಿಗೆಗೆ ಕೊಟ್ಟ ದಿನವೇ ಮಾಲೀಕರು ಅದರ ಸ್ವಾಧೀನವನ್ನು ಬಿಟ್ಟುಕೊಟ್ಟಿರುತ್ತಾರೆ. ತಿಂಗಳ ಬಾಡಿಗೆ ಬರುತ್ತಿರುವುದು ಅದಕ್ಕೇ. ಒಡೆತನ ಅವರಲ್ಲೇ ಉಳಿಯುತ್ತದೆ, ಅದನ್ನು ಯಾರೂ ಕಿತ್ತುಕೊಂಡಿಲ್ಲ. ಆದರೆ ಬಾಗಿಲ ಒಳಗೆ ಯಾರು ಬರಬೇಕು, ಯಾರು ಬರಬಾರದು ಎಂದು ತೀರ್ಮಾನಿಸುವ ಹಕ್ಕು ಅಷ್ಟು ಕಾಲಕ್ಕೆ ಬಾಡಿಗೆದಾರರದು. ಹಾಗಾಗಿ ಮಾಲೀಕರು ತಮ್ಮದೇ ಮನೆಯಲ್ಲಿ ಅತಿಕ್ರಮ ಪ್ರವೇಶ ಮಾಡಿದ ಆರೋಪಿಗಳಾಗಬಲ್ಲರು.

ನೆರೆಹೊರೆಯ ಜಾಗಕ್ಕೆ ಸುಮ್ಮನೆ ಕಾಲಿಡುವುದು ಇಂಗ್ಲೆಂಡಿನಲ್ಲಿ ಬಹುಕಾಲ ಸಿವಿಲ್ ತಕರಾರೇ ಆಗಿತ್ತು. ನಮ್ಮಲ್ಲಿ 1860ರ ದಂಡ ಸಂಹಿತೆ ಅದನ್ನು ಕ್ರಿಮಿನಲ್ ಕಾನೂನಿನೊಳಕ್ಕೆ ತಂದಿತು. ಹಾಗೆ ತರುವಾಗ ಬಾಗಿಲಲ್ಲಿ ಒಂದು ಕಾವಲನ್ನೂ ನಿಲ್ಲಿಸಿತು. ಆ ಕಾವಲಿನ ಹೆಸರು ಉದ್ದೇಶ. ಒಳಗೆ ಬಂದದ್ದು ತಪ್ಪು ಎಂದು ತೋರಿಸಿದರೆ ಸಾಲದು, ಯಾಕೆ ಬಂದರು ಎಂಬುದನ್ನೂ ತೋರಿಸಬೇಕು.

ಯಾಕೆ ಬಂದರು ಎಂಬ ಪ್ರಶ್ನೆ

ಈ ಬಗ್ಗೆ ಇವತ್ತಿಗೂ ಕೋರ್ಟುಗಳು ಎತ್ತಿ ಹೇಳುವ ತೀರ್ಪು ಮಥ್ರಿ ವಿರುದ್ಧ ಪಂಜಾಬ್ ರಾಜ್ಯ. 1964ರ ಕಾನೂನು ವರದಿಗಳಲ್ಲಿದೆ. ಯಾರದೋ ಪ್ರವೇಶದಿಂದ ಒಳಗಿರುವವರಿಗೆ ಕಿರಿಕಿರಿ ಆಗಿಯೇ ಆಗುತ್ತದೆ, ಬಂದವರಿಗೂ ಅದು ಗೊತ್ತಿತ್ತು ಎಂದಷ್ಟೇ ತೋರಿಸಿದರೆ ಅಪರಾಧ ಸಾಬೀತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿತು. ಪೀಡಿಸುವುದು, ಬೆದರಿಸುವುದು, ಅವಮಾನಿಸುವುದು ಆ ಪ್ರವೇಶದ ಗುರಿಯೇ ಆಗಿರಬೇಕು. ಒಂದೇ ಗುರಿ ಆಗಿರಬೇಕೆಂದೇನೂ ಇಲ್ಲ. ಬೇರೆ ಕೆಲಸವೂ ಜೊತೆಗಿರಬಹುದು. ಆದರೆ ಪೀಡೆ ತಾನಾಗಿ ಆದದ್ದಾಗಿರದೆ, ಬೇಕೆಂದೇ ಮಾಡಿದ್ದಾಗಿರಬೇಕು.

ಪ್ಲಂಬರ್ ಜೊತೆ ಬಂದ ಓನರ್ ಅಪರಾಧಿ ಆಗದಿರುವುದು ಇದರಿಂದಲೇ. ಕೆಳಗಿನ ಮನೆಯ ಗೋಡೆಗೆ ನೀರಿಳಿಯುತ್ತಿತ್ತು, ಮೇಲಿನ ಮನೆಯ ನಲ್ಲಿ ಸೋರುತ್ತಿತ್ತು, ರಿಪೇರಿ ಮಾಡಿಸಿದರು. ಕೇಳದೆ ಬಂದದ್ದು ಸರಿಯಲ್ಲ, ಬಾಡಿಗೆದಾರರ ಹಕ್ಕಿಗೆ ಅದರಿಂದ ಧಕ್ಕೆಯಾಗಿದೆ. ಅದು ಸಿವಿಲ್ ತಪ್ಪು, ಕರಾರಿನ ಉಲ್ಲಂಘನೆ ಇದ್ದರೂ ಇರಬಹುದು. ಜೈಲಿಗೆ ಕಳಿಸುವ ತಪ್ಪು ಆಗಬೇಕಾದರೆ ಮನಸ್ಸಿನಲ್ಲಿ ಬೇರೇನೋ ಇರಬೇಕು.

ಮನಸ್ಸಿನಲ್ಲಿ ಇದ್ದದ್ದನ್ನು ಕೋರ್ಟಿನಲ್ಲಿ ಹೇಗೆ ತೋರಿಸುವುದು? ನಡವಳಿಕೆಯಿಂದಲೇ ತೋರಿಸಬೇಕು. ಬರಬೇಡಿ ಎಂದು ಸ್ಪಷ್ಟವಾಗಿ ಹೇಳಿದ ಮೇಲೂ ಬಂದರೇ? ರಾತ್ರಿ ಹತ್ತರ ಮೇಲೆ ಬಂದರೇ? ಜೊತೆಗೆ ಯಾರನ್ನು ಕರೆತಂದರು? ರಿಪೇರಿ ಎಂದು ಬಂದವರು ಬೀರು ಯಾಕೆ ತೆಗೆದರು? ಖಾಲಿ ಮಾಡಿ ಎಂದು ಜಗಳವಾದ ಮರುದಿನದಿಂದಲೇ ಈ ಭೇಟಿಗಳು ಶುರುವಾದವೇ? ವಾಟ್ಸ್ಆ್ಯಪ್‌ನಲ್ಲಿ "ನೋಡ್ಕೋತೀನಿ" ಎಂದು ಬರೆದಿದ್ದರೇ? ಒಂದೊಂದೇ ಸಂಗತಿ ಹಗುರ ಅನಿಸುತ್ತದೆ. ಒಂದರ ಮೇಲೊಂದು ಸೇರಿದಾಗ ಕೋರ್ಟಿಗೆ ಉದ್ದೇಶ ಕಾಣುತ್ತದೆ. ಫ್ರಿಜ್ ತೆಗೆದು ನೋಡಿದ ಪ್ರಸಂಗದಲ್ಲಿ ರಿಪೇರಿಯ ನೆಪವೂ ಇಲ್ಲ. ಒಬ್ಬರು ಏನು ತಿನ್ನುತ್ತಾರೆ ಎಂದು ಅವರಿಲ್ಲದಾಗ ಹುಡುಕುವುದು, ಆಮೇಲೆ ಅದನ್ನೇ ಹಿಡಿದು ಅಕ್ಕಪಕ್ಕದವರ ಎದುರು ಹೀಗಳೆಯುವುದು ಅವಮಾನಿಸುವ ಉದ್ದೇಶವಲ್ಲದೆ ಮತ್ತೇನು ಎಂದು ವಾದಿಸಲು ಗಟ್ಟಿ ನೆಲೆಯಿದೆ.

ಬರಬೇಡಿ ಎಂದು ಹೇಳಿದ್ದಕ್ಕೆ ದಾಖಲೆ ಇರಬೇಕು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಮೊದಲ ಸಲ ಹೇಳದೆ ಬಂದದ್ದು ಅಪರಾಧ ಅಲ್ಲದಿರಬಹುದು. "ಮುಂದೆ ನಾವು ಇಲ್ಲದಾಗ ದಯವಿಟ್ಟು ಬರಬೇಡಿ, ಬರುವುದಿದ್ದರೆ ಒಂದು ದಿನ ಮೊದಲು ತಿಳಿಸಿ" ಎಂದು ಮೆಸೇಜ್ ಕಳಿಸಿದ ಮೇಲೆ ಎರಡನೆಯ ಸಲ ಬಂದರೆ ಗೊತ್ತಿರಲಿಲ್ಲ ಎನ್ನಲು ಬರುವುದಿಲ್ಲ. ಆ ಮೆಸೇಜಿಗೆ ಓನರ್ ಸಿಟ್ಟಾಗುತ್ತಾರೆ, ಮನೆ ಬಿಡಿಸುತ್ತಾರೆ ಎಂಬ ಭಯ ನಿಜವಾದದ್ದೇ. ಅಡ್ವಾನ್ಸು ಅವರ ಕೈಯಲ್ಲಿರುವಾಗ ಈ ಭಯ ಇಲ್ಲದವರು ಯಾರು? ಹಾಗಂತ ಸುಮ್ಮನಿದ್ದುಬಿಟ್ಟರೆ ಆ ಮೌನವೇ ಮುಂದೆ ಒಪ್ಪಿಗೆಯಂತೆ ಕಾಣುತ್ತದೆ.

ಎರಡನೆಯ ಬಗೆ, ಬಂದವರು ಏಳದೆ ಕೂರುವುದು, ಇದಕ್ಕಿಂತ ನೇರ. ಬಾಡಿಗೆ ಕೇಳಲು ಬಂದು ಕದ ತಟ್ಟುವುದು ಮಾಲೀಕರ ಹಕ್ಕು. ಒಳಗೆ ಬನ್ನಿ ಎಂದು ಕರೆದು ಕಾಫಿ ಕೊಟ್ಟಿದ್ದರೆ ಬಂದದ್ದೂ ನ್ಯಾಯವೇ. ದಯವಿಟ್ಟು ಹೊರಡಿ ಎಂದ ಮೇಲೂ ಹೆದರಿಸಿ ವಸೂಲಿ ಮಾಡಲು ಕೂತರೆ, ಆ ಕ್ಷಣದಿಂದ ಅದು ಅಕ್ರಮವಾಗಿ ಉಳಿದುಕೊಂಡದ್ದು. ಬಾಡಿಗೆ ಬಾಕಿ ನಿಜವಾಗಿ ಇದ್ದರೂ ಈ ಮಾತು ಬದಲಾಗುವುದಿಲ್ಲ. ಹಣ ಬರಬೇಕು ಎಂಬುದು ಒಂದು ಲೆಕ್ಕ, ಇನ್ನೊಬ್ಬರ ಮನೆಯಲ್ಲಿ ಕೂತು ಹೆದರಿಸುವುದು ಇನ್ನೊಂದು.

ಬೀಗ ತೆಗೆದರೆ ತಪ್ಪು ದೊಡ್ಡದಾಗುತ್ತದೆ

ಡೂಪ್ಲಿಕೇಟ್ ಕೀ ಇಟ್ಟುಕೊಂಡ ಮಾಲೀಕರು ಗಮನಿಸಲೇಬೇಕಾದ ಇನ್ನೊಂದು ಕಲಂ 330. ಗೃಹ ಅತಿಕ್ರಮ ಮಾಡುವುದಕ್ಕಾಗಿ ಯಾವುದೇ ಬೀಗವನ್ನು ತೆರೆದರೆ ಅದು ಮನೆ ಭೇದನ. ಒಡೆದಿರಬೇಕಾಗಿಲ್ಲ, ಕೀಯಿಂದ ತೆರೆದರೂ ಅಷ್ಟೇ. ಮನೆಯವರು ಕಳೆದುಕೊಂಡ ಕೀ ಯಾರಿಗೋ ಸಿಕ್ಕಿ, ಅದರಿಂದ ಬಾಗಿಲು ತೆಗೆದು ಅತಿಕ್ರಮವಾಗಿ ಒಳಹೊಕ್ಕರೆ ಅದು ಮನೆ ಭೇದನ ಎಂದು ಹಳೆಯ ದಂಡ ಸಂಹಿತೆಯೇ ಉದಾಹರಣೆ ಕೊಟ್ಟು ವಿವರಿಸಿತ್ತು. ಇದಕ್ಕೆ 331ನೇ ಕಲಮಿನಡಿ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಸೂರ್ಯ ಮುಳುಗಿ ಹುಟ್ಟುವುದರೊಳಗೆ ನಡೆದಿದ್ದರೆ ಮೂರು ವರ್ಷದವರೆಗೆ. ಇಲ್ಲೂ ಮೊದಲು ಅತಿಕ್ರಮದ ಉದ್ದೇಶ ಸಾಬೀತಾಗಬೇಕು, ರಿಪೇರಿಗೆಂದು ಬೀಗ ತೆಗೆದವರು ಮನೆ ಭೇದಿಸಿದವರಾಗುವುದಿಲ್ಲ. ಆದರೆ ಒಮ್ಮೆ ಉದ್ದೇಶ ಸಾಬೀತಾಯಿತೆಂದರೆ, ಕೀ ನನ್ನದೇ ಎಂಬ ಸಮಜಾಯಿಷಿ ಉಪಯೋಗಕ್ಕೆ ಬರುವುದಿಲ್ಲ.

ಹಲ್ಲೆ ಮಾಡಲು ಇಲ್ಲವೇ ತಡೆದು ನಿಲ್ಲಿಸಲು ಸಿದ್ಧರಾಗಿಯೇ ಬಂದಿದ್ದರೆ 333ನೇ ಕಲಂ ಅನ್ವಯವಾಗುತ್ತದೆ. ಅದರಲ್ಲಿ ಶಿಕ್ಷೆ ಏಳು ವರ್ಷದವರೆಗೆ ಹೋಗುತ್ತದೆ. ಮನೆ ಖಾಲಿ ಮಾಡಿಸಲು ನಾಲ್ಕು ಜನ ಹುಡುಗರನ್ನು ಕರೆದುಕೊಂಡು ಹೋಗುವ ಪದ್ಧತಿ ಎಷ್ಟು ಅಪಾಯದ್ದು ಎಂದು ಇದರಿಂದ ಗೊತ್ತಾಗಬೇಕು.

ಒಂಟಿಯಾಗಿ ಇಲ್ಲವೇ ಗೆಳತಿಯರ ಜೊತೆ ಬಾಡಿಗೆ ಮನೆಯಲ್ಲಿರುವ ಹೆಣ್ಣುಮಕ್ಕಳ ಕಷ್ಟವನ್ನು ಪ್ರತ್ಯೇಕವಾಗಿ ಹೇಳಬೇಕು. ಅವರ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು ಎಂದು ಕಾಯುವುದನ್ನು ಕೆಲವು ಮಾಲೀಕರು ತಮ್ಮ ಜವಾಬ್ದಾರಿ ಎಂದೇ ತಿಳಿದಿದ್ದಾರೆ. "ನಿಮ್ಮಪ್ಪ ಅಮ್ಮನಿಗೆ ನಾವೇ ತಾನೇ ಉತ್ತರ ಕೊಡಬೇಕು" ಎಂದು ಹೇಳಿ ಕೋಣೆ ಕೋಣೆ ನೋಡಿ ಹೋಗುತ್ತಾರೆ. ಕಾಳಜಿಯ ಮಾತಿನಲ್ಲಿ ನಡೆಯುವ ಈ ತಪಾಸಣೆಯಿಂದ ಆಗುವ ಕುಗ್ಗುವಿಕೆಯನ್ನು ಹೊರಗಿನವರು ಹಗುರವಾಗಿ ನೋಡುತ್ತಾರೆ. ಹೆಣ್ಣಿನ ಮಾನಕ್ಕೆ ಧಕ್ಕೆ ತರುವ ಉದ್ದೇಶದಿಂದ ಅವಳ ಖಾಸಗಿತನದೊಳಗೆ ನುಗ್ಗುವುದನ್ನು 79ನೇ ಕಲಂ ಹೆಸರಿಟ್ಟು ಅಪರಾಧ ಎನ್ನುತ್ತದೆ, ಶಿಕ್ಷೆ ಮೂರು ವರ್ಷದವರೆಗೆ. ಸ್ನಾನದ ಮನೆಯಲ್ಲಿ, ಮಲಗುವ ಕೋಣೆಯಲ್ಲಿ ಕ್ಯಾಮೆರಾ ಅಡಗಿಸಿ ಚಿತ್ರ ತೆಗೆದರೆ 77ನೇ ಕಲಂ ಇದೆ. ಅದರಲ್ಲಿ ಮೊದಲ ಸಲಕ್ಕೇ ಒಂದು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ. ದೂರು ಬರೆಯುವಾಗ ಈ ಕಲಂಗಳ ಸಂಗತಿಗಳೂ ಇದ್ದರೆ ಅವನ್ನು ಬಿಡದೆ ಬರೆಯಬೇಕು. ಬರೇ "ಒಳಗೆ ಬಂದರು" ಎಂದು ಬರೆದರೆ ಪ್ರಕರಣದ ತೂಕವೇ ಇಳಿಯುತ್ತದೆ.

ಬಾಡಿಗೆ ಬಾಕಿಗೆ ಬದಲಾಗಿ ಟಿವಿಯನ್ನೋ ವಾಷಿಂಗ್ ಮೆಷಿನ್ನನ್ನೋ ಎತ್ತಿಕೊಂಡು ಹೋಗುವುದೂ ನಡೆಯುತ್ತದೆ. ಸಾಲ ತೀರಿಸಲಿ ಎಂದು ಒತ್ತಡ ಹಾಕುವುದಕ್ಕೇ ಆದರೂ ಸಾಲಗಾರನ ವಸ್ತುವನ್ನು ಅವನ ಒಪ್ಪಿಗೆಯಿಲ್ಲದೆ ಒಯ್ದರೆ ಅದು ಕಳ್ಳತನ ಎಂದು ಕಲ್ಕತ್ತಾ ಹೈಕೋರ್ಟ್ 1895ರಷ್ಟು ಹಿಂದೆಯೇ ಹೇಳಿದೆ. ಕಳ್ಳತನಕ್ಕೆಂದು ಒಳಹೊಕ್ಕದ್ದು ಅಪರಾಧ ಮಾಡುವ ಉದ್ದೇಶದ ಪ್ರವೇಶ. ಆಗ ಅವಮಾನ, ಪೀಡೆ ಎಂದೆಲ್ಲ ಸಾಬೀತು ಮಾಡುತ್ತ ಕೂರುವ ಅಗತ್ಯವೇ ಬೀಳುವುದಿಲ್ಲ. ಬಾಡಿಗೆದಾರರು ಊರಿಗೆ ಹೋದಾಗ ಬಾಗಿಲಿಗೆ ತಮ್ಮದೊಂದು ಬೀಗ ಜಡಿಯುವ ಮಾಲೀಕರ ಪ್ರಸಂಗ ಬೇರೆ. ಅಲ್ಲಿ ಅವರು ಒಳಗೆ ಹೋಗಿಯೇ ಇಲ್ಲ, ಹಾಗಾಗಿ ಅತಿಕ್ರಮ ಪ್ರವೇಶ ಎನ್ನುವುದು ಕಷ್ಟ. ಹೋಗುವ ಹಕ್ಕಿರುವ ಕಡೆಗೆ ಹೋಗದಂತೆ ತಡೆಯುವುದನ್ನು ಕುರಿತ 126ನೇ ಕಲಮನ್ನು ವಕೀಲರು ಅಂಥಲ್ಲಿ ಹಿಡಿಯುತ್ತಾರೆ.

ಕರಾರು ಮುಗಿದ ಮೇಲೆ?

ಮಾಲೀಕರು ಹೆಚ್ಚಾಗಿ ಎಡವುವುದು ಇಲ್ಲಿ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದಿದೆ, ನೋಟಿಸ್ ಕೊಟ್ಟಾಗಿದೆ, ಆದರೂ ಬಾಡಿಗೆದಾರರು ಹೋಗುತ್ತಿಲ್ಲ. ಇನ್ನು ಅವರಿಗೆ ಹಕ್ಕೇನಿದೆ, ಬೀಗ ಒಡೆದರೆ ತಪ್ಪೇನು ಎಂದು ಕೇಳುತ್ತಾರೆ. ಹಕ್ಕು ಮುಗಿದಿರಬಹುದು, ಸ್ವಾಧೀನ ಮುಗಿದಿಲ್ಲ. ನೆಲೆಯೂರಿದ ಸ್ವಾಧೀನದಲ್ಲಿರುವ ವ್ಯಕ್ತಿಗೆ ಅಲ್ಲಿ ಮುಂದುವರಿಯುವ ಹಕ್ಕು ಇಲ್ಲ ಎಂದೇ ಇಟ್ಟುಕೊಂಡರೂ ಕಾನೂನಿನ ದಾರಿಯಿಂದಲ್ಲದೆ ಅವರನ್ನು ಹೊರಹಾಕುವಂತಿಲ್ಲ ಎಂದು ಕೃಷ್ಣ ರಾಮ್ ಮಹಾಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲಿ ಹೇಳಿತು. ಕರ್ನಾಟಕದಿಂದಲೇ ಹೋದ ರಾಮೇಗೌಡ ವಿರುದ್ಧ ಎಂ. ವರದಪ್ಪ ನಾಯ್ಡು ಪ್ರಕರಣದಲ್ಲಿ, 2003ರ ಡಿಸೆಂಬರಿನಲ್ಲಿ, ಮೂವರು ನ್ಯಾಯಮೂರ್ತಿಗಳ ಪೀಠ ಇದೇ ತತ್ವವನ್ನು ಇನ್ನಷ್ಟು ಬಿಡಿಸಿ ಹೇಳಿತು. ಕ್ರಯಪತ್ರ ಕೈಯಲ್ಲಿದ್ದವರೂ ಬಲದಿಂದ ನುಗ್ಗುವಂತಿಲ್ಲ, ಕೋರ್ಟಿಗೇ ಹೋಗಬೇಕು.

ಹೀಗೆ ಬಲವಂತವಾಗಿ ಹೊರಗೆ ಹಾಕಿಸಿಕೊಂಡವರಿಗೆ 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೇ ಕಲಂ ಒಂದು ಚುರುಕಾದ ದಾರಿ ಕೊಡುತ್ತದೆ. ಹೊರಹಾಕಿದ ಆರು ತಿಂಗಳೊಳಗೆ ದಾವೆ ಹೂಡಿದರೆ ಮನೆ ಯಾರದು ಎಂಬ ಚರ್ಚೆಯೇ ಬರುವುದಿಲ್ಲ. ಸ್ವಾಧೀನದಲ್ಲಿದ್ದೆ, ಒಪ್ಪಿಗೆಯಿಲ್ಲದೆ, ಕಾನೂನು ಕ್ರಮವಿಲ್ಲದೆ ಹೊರಹಾಕಿದರು ಎಂದು ತೋರಿಸಿದರೆ ಸಾಕು. ಆರು ತಿಂಗಳು ದಾಟಿದರೆ ಈ ಬಾಗಿಲು ಮುಚ್ಚುತ್ತದೆ. ಹೊಸ ಮನೆ ಹುಡುಕುವುದು, ಸಾಮಾನು ಬಿಡಿಸಿಕೊಳ್ಳುವುದು, ಮಕ್ಕಳ ಶಾಲೆ ಎಂಬ ಗಡಿಬಿಡಿಯಲ್ಲಿ ಆರು ತಿಂಗಳು ಬೇಗ ಉರುಳುತ್ತವೆ.

ಮಾಲೀಕರ ಕಷ್ಟ ಸುಳ್ಳೆಂದು ನಾನು ಹೇಳುತ್ತಿಲ್ಲ. ನಿವೃತ್ತಿಯ ಹಣ ಹಾಕಿ ಮೇಲೊಂದು ಮನೆ ಕಟ್ಟಿ ಅದರ ಬಾಡಿಗೆಯಲ್ಲೇ ಸಂಸಾರ ತೂಗಿಸುವ ಹಿರಿಯರು ಈ ಊರಿನಲ್ಲಿ ಬೀದಿ ಬೀದಿಯಲ್ಲೂ ಇದ್ದಾರೆ. ಬಾಡಿಗೆ ಕೊಡದೆ, ಮನೆಯನ್ನೂ ಬಿಡದೆ ಸತಾಯಿಸುವವರ ಎದುರು ಅವರು ವರ್ಷಗಟ್ಟಲೆ ಕೋರ್ಟ್ ಅಲೆಯಬೇಕಾಗುತ್ತದೆ. ಬಾಡಿಗೆ ಬಾಕಿ ಇಟ್ಟು, ಬೀಗ ಹಾಕಿಕೊಂಡು, ಫೋನ್ ಸ್ವಿಚ್ ಆಫ್ ಮಾಡಿ ನಾಪತ್ತೆಯಾಗುವವರೂ ಇದ್ದಾರೆ. ಅಂಥಲ್ಲಿಯೂ ಬೀಗ ಒಡೆಯುವ ಮೊದಲು ಕೊನೆಯ ವಿಳಾಸಕ್ಕೆ, ಮೆಸೇಜಿಗೆ ನೋಟಿಸ್ ಕಳಿಸಿ, ಠಾಣೆಗೆ ಬರೆದು ತಿಳಿಸಿ, ವಕೀಲರನ್ನು ಕೇಳಿ ಕೋರ್ಟಿನ ದಾರಿಯಲ್ಲೇ ಹೋಗುವುದು ಕ್ಷೇಮ. ನಾಲ್ಕು ದಿನ ಬಿಟ್ಟು ಬಂದವರು ಒಡವೆ ಇತ್ತು, ಈಗಿಲ್ಲ ಎಂದರೆ ಉತ್ತರ ಕೊಡಬೇಕಾದವರು ಬೀಗ ಒಡೆದವರೇ.

ಮಾಲೀಕರಿಗೆ ಒಳಗೆ ಹೋಗುವ ಹಕ್ಕು ಇಲ್ಲವೇ ಇಲ್ಲ ಎಂದೂ ಅಲ್ಲ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೇ ಕಲಂ ಎರಡನ್ನೂ ಹೇಳುತ್ತದೆ. ಬಾಡಿಗೆ ಕೊಡುತ್ತ, ಕರಾರಿನಂತೆ ನಡೆದುಕೊಳ್ಳುತ್ತ ಇರುವವರೆಗೆ ಬಾಡಿಗೆದಾರರು ಅಡ್ಡಿಯಿಲ್ಲದೆ ಮನೆಯನ್ನು ಅನುಭವಿಸಬಹುದು ಎಂಬ ಭರವಸೆಯನ್ನು ಮಾಲೀಕರು ಕೊಟ್ಟಂತೆಯೇ ಎಂದು ಒಂದು ಉಪಕಲಂ ಹೇಳುತ್ತದೆ. ಮನೆಯ ಸ್ಥಿತಿಗತಿ ನೋಡಲು ಮಾಲೀಕರನ್ನೋ ಅವರ ಕಡೆಯವರನ್ನೋ ಯುಕ್ತವಾದ ವೇಳೆಯಲ್ಲಿ ಒಳಗೆ ಬಿಡಬೇಕು ಎಂದು ಇನ್ನೊಂದು ಉಪಕಲಂ ಬಾಡಿಗೆದಾರರಿಗೆ ಹೇಳುತ್ತದೆ. ಗ್ಯಾಸ್ ವಾಸನೆ ಬರುತ್ತಿದ್ದರೆ, ಶಾರ್ಟ್ ಸರ್ಕ್ಯೂಟ್ ಆಗಿ ಹೊಗೆ ಕಾಣಿಸಿದರೆ ಯಾರ ಅನುಮತಿಯನ್ನೂ ಕಾಯಬೇಕಿಲ್ಲ. ದೊಡ್ಡ ಹಾನಿ ತಪ್ಪಿಸಲು ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ನ್ಯಾಯ ಸಂಹಿತೆಯ 19ನೇ ಕಲಮಿನ ರಕ್ಷಣೆ ಇದೆ.

ತೊಡಕಿರುವುದು 'ಯುಕ್ತವಾದ ವೇಳೆ' ಎಂಬುದನ್ನು 1882ರ ಆ ಕಾನೂನು ಅಷ್ಟಕ್ಕೇ ಬಿಟ್ಟಿರುವುದರಲ್ಲಿ. ಎಷ್ಟು ಗಂಟೆ ಮೊದಲು ತಿಳಿಸಬೇಕು, ಬರವಣಿಗೆಯಲ್ಲಿ ತಿಳಿಸಬೇಕೇ, ಬಾಡಿಗೆದಾರರು ಇರಲೇಬೇಕೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ನಮ್ಮ ಕರ್ನಾಟಕ ಬಾಡಿಗೆ ಅಧಿನಿಯಮ, 1999 ಇದೆಯಲ್ಲ ಎನ್ನಬಹುದು. ಅದು ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದ ವಾಸದ ಮನೆಗಳಿಗೆ ಅನ್ವಯಿಸುವುದೇ ಇಲ್ಲ. ಇವತ್ತು ಆ ಬಾಡಿಗೆಗೆ ಬೆಂಗಳೂರಿನಲ್ಲಿ ಒಂದು ಕೋಣೆ ಸಿಗುವುದೂ ಕಷ್ಟ. ಹೀಗಾಗಿ ನಗರದ ಬಹುಪಾಲು ಬಾಡಿಗೆ ಮನೆಗಳ ವ್ಯವಹಾರ ಈಗಲೂ ಬ್ರಿಟಿಷರ ಕಾಲದ ಕಾನೂನಿನ ಮೇಲೆಯೇ ನಿಂತಿದೆ.

ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಈ ಕೊರತೆಯನ್ನು ತುಂಬಿದ್ದಾರೆ. ಅದರ ಪ್ರಕಾರ ರಿಪೇರಿಗೋ ಪರಿಶೀಲನೆಗೋ ಬರುವ ಮಾಲೀಕರು 24 ಗಂಟೆ ಮೊದಲು ಬರವಣಿಗೆಯಲ್ಲಿ ಇಲ್ಲವೇ ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ನೋಟಿಸ್ ಕೊಡಬೇಕು, ಕಾರಣ ಹೇಳಬೇಕು. ಸೂರ್ಯ ಹುಟ್ಟುವ ಮೊದಲು, ಮುಳುಗಿದ ಮೇಲೆ ಬರುವಂತಿಲ್ಲ. ಬೆಂಕಿ, ಪ್ರವಾಹದಂಥ ಆಪತ್ತಿಗೆ ಮಾತ್ರ ವಿನಾಯಿತಿ. ಅದೊಂದು ಮಾದರಿ ಅಷ್ಟೇ, ರಾಜ್ಯಗಳು ತಾವಾಗಿ ಕಾನೂನು ಮಾಡಿದರೆ ಮಾತ್ರ ಬಲ ಬರುತ್ತದೆ. ಕರ್ನಾಟಕ ಇದನ್ನು ತನ್ನದಾಗಿಸಿಕೊಂಡಿಲ್ಲ. ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಅವರ ರಾಜ್ಯದಲ್ಲೇ ಒಬ್ಬ ಬಾಡಿಗೆದಾರಳಿಗೆ ತನ್ನ ಮಲಗುವ ಕೋಣೆಗೆ ಯಾರು ಯಾವಾಗ ಬರಬಹುದು ಎಂದು ಹೇಳುವ ಒಂದು ಸಾಲು ಕಾನೂನಿನಲ್ಲಿ ಇಲ್ಲದಿರುವುದು ನನಗೆ ದೊಡ್ಡ ಲೋಪವಾಗಿ ಕಾಣುತ್ತದೆ. ಕ್ರಿಮಿನಲ್ ಕಾನೂನು ಕೆಟ್ಟ ಉದ್ದೇಶ ಇದ್ದವರನ್ನು ಹಿಡಿಯುತ್ತದೆ. ಕೆಟ್ಟ ಉದ್ದೇಶವೇನೂ ಇಲ್ಲದೆ ದಿನವೂ ಒಳಗೆ ಬರುವವರಿಗೆ ಬೇಕಿರುವುದು ಸೆರೆಮನೆಯಲ್ಲ, ಇಂಥ ಒಂದು ಸರಳ ನಿಯಮ.

ನಿಯಮ ಬರುವವರೆಗೆ ಅದನ್ನು ಅಗ್ರಿಮೆಂಟಿನಲ್ಲೇ ಬರೆಸಿಕೊಳ್ಳಬಹುದು. ಟೈಪ್ ಮಾಡುವ ಅಂಗಡಿಗಳಲ್ಲಿ ಸಿಗುವ ಸಿದ್ಧ ನಮೂನೆಗಳಲ್ಲಿ ಮಾಲೀಕರು ಯಾವಾಗ ಬೇಕಾದರೂ ಬಂದು ಪರಿಶೀಲಿಸಬಹುದು ಎಂಬರ್ಥದ ಸಾಲು ಇರುವುದುಂಟು. ಸಹಿ ಮಾಡುವ ಮೊದಲು ಅದನ್ನು ಹೊಡೆದುಹಾಕಿಸಿ, 24 ಗಂಟೆ ಮೊದಲು ತಿಳಿಸಿ, ಬಾಡಿಗೆದಾರರು ಮನೆಯಲ್ಲಿರುವಾಗ ಬರಬಹುದು ಎಂದು ಬರೆಸಬೇಕು. ಇನ್ನೊಂದು ಕೀ ಓನರ್ ಬಳಿ ಇರಲೇಬೇಕೆಂದರೆ ಬೆಂಕಿ, ಗ್ಯಾಸ್, ನೀರಿನ ಸೋರಿಕೆಗೆ ಮಾತ್ರ ಅದನ್ನು ಬಳಸಬೇಕು ಎಂದೂ ಸೇರಿಸಬೇಕು. ಒಳ್ಳೆಯ ಮನಸ್ಸಿನ ಮಾಲೀಕರು ಇದಕ್ಕೆ ಬೇಡ ಅನ್ನುವುದಿಲ್ಲ, ಕೇಳದೆ ಇದ್ದದ್ದರಿಂದಲೇ ಎಷ್ಟೋ ಅಗ್ರಿಮೆಂಟುಗಳಲ್ಲಿ ಇದು ಬಂದಿಲ್ಲ.

ಪಿಜಿಗಳಲ್ಲಿ ಇರುವವರ ಸ್ಥಿತಿ ಸ್ವಲ್ಪ ಬೇರೆ. ಅಲ್ಲಿ ಕಾಗದದ ಮೇಲೆ ಸಿಗುವುದು ಇರುವ ಅನುಮತಿ ಮಾತ್ರ, ಕೋಣೆ ಗುಡಿಸುವವರು, ಮೇಲ್ವಿಚಾರಕರು ಬಂದು ಹೋಗುವುದು ವ್ಯವಸ್ಥೆಯಲ್ಲೇ ಸೇರಿರುತ್ತದೆ. ಆದರೆ ಕಾಗದದ ತಲೆಬರಹವೇ ಎಲ್ಲವೂ ಅಲ್ಲ. ದೆಹಲಿಯ ಇಂಪೀರಿಯಲ್ ಹೋಟೆಲಿನ ಕೋಣೆಗಳಲ್ಲಿ ಕ್ಷೌರದಂಗಡಿ ಇಟ್ಟಿದ್ದವರ ಪ್ರಕರಣದಲ್ಲಿ, ಒಪ್ಪಂದಕ್ಕೆ ಲೈಸೆನ್ಸ್ ಎಂಬ ಹೆಸರಿದ್ದರೂ ಅದು ಬಾಡಿಗೆಯೇ ಎಂದು ಸುಪ್ರೀಂ ಕೋರ್ಟ್ 1959ರಲ್ಲಿ ತೀರ್ಮಾನಿಸಿತು. ಇತರರನ್ನು ಹೊರಗಿಡುವ ಹಕ್ಕಿನೊಡನೆ ಜಾಗ ಕೈಗೆ ಬಂದಿದೆಯೇ ಎಂಬುದು ಅಲ್ಲಿ ಮುಖ್ಯವಾಯಿತು. ಇದಕ್ಕೆ ಇನ್ನೊಂದು ತುದಿಯೂ ಇದೆ. ಮನೆ ನೋಡಿಕೊಳ್ಳಲು ಬಿಟ್ಟ ವಾಚ್‌ಮನ್, ಕೆಲಸದವರು, ಪ್ರೀತಿಯಿಂದ ಇರಗೊಟ್ಟ ನೆಂಟರು ಮಾಲೀಕರ ಪರವಾಗಿ ಅಲ್ಲಿದ್ದಾರೆಯೇ ಹೊರತು ಸ್ವಂತ ಸ್ವಾಧೀನದಲ್ಲಿಲ್ಲ ಎಂದು ಗೋವಾದ ಮಾರಿಯಾ ಮಾರ್ಗರಿಡಾ ಪ್ರಕರಣದಲ್ಲಿ 2012ರಲ್ಲಿ ಕೋರ್ಟ್ ಹೇಳಿದೆ.

ಇಷ್ಟಾದರೂ ಠಾಣೆಯ ಮೆಟ್ಟಿಲಲ್ಲಿ ಕೇಳುವ ಮೊದಲ ಮಾತು, "ಇದು ಓನರ್ ಟೆನೆಂಟ್ ಗಲಾಟೆ ಕಣಮ್ಮ, ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ." ಅಡ್ವಾನ್ಸ್ ವಾಪಸ್ ಕೊಡಲಿಲ್ಲ ಎಂಬುದು ಸಿವಿಲ್ ವಿಷಯವೇ, ಅಷ್ಟರ ಮಟ್ಟಿಗೆ ಆ ಮಾತು ನಿಜ. ಆದರೆ ಗೃಹ ಅತಿಕ್ರಮ ಪೊಲೀಸರು ಕೋರ್ಟಿನ ಅಪ್ಪಣೆಯಿಲ್ಲದೆಯೇ ತನಿಖೆ ಮಾಡಬಹುದಾದ ಸಂಜ್ಞೇಯ ಅಪರಾಧ. ದೂರಿನಲ್ಲಿ ಅಂಥ ಅಪರಾಧ ಕಂಡುಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಹಾಗಾಗಿ ದೂರನ್ನು ಬಾಯಲ್ಲಿ ಹೇಳದೆ ಬರೆದು ಕೊಡಬೇಕು. ದಿನ, ಗಂಟೆ, ಜೊತೆಗೆ ಬಂದವರು, ಆಡಿದ ಮಾತು, ಬರಬೇಡಿ ಎಂದು ಮೊದಲೇ ಕಳಿಸಿದ ಮೆಸೇಜು, ಬಾಡಿಗೆ ಕಟ್ಟಿದ ದಾಖಲೆ ಎಲ್ಲ ಅದರಲ್ಲಿರಬೇಕು. ತೆಗೆದುಕೊಳ್ಳದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಡಿ ಮೇಲಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು. ಆ ಕ್ಷಣಕ್ಕೆ ಯಾರಾದರೂ ಒಳಗೆ ಕೂತು ಹೆದರಿಸುತ್ತಿದ್ದರೆ 112ಕ್ಕೆ ಫೋನ್ ಮಾಡುವುದು ಮೊದಲ ಕೆಲಸ.

ಇಂಥ ಪ್ರಕರಣಗಳಲ್ಲಿ ಶಿಕ್ಷೆಯವರೆಗೆ ಹೋಗದೆ ನಡುವೆಯೇ ಮಾತುಕತೆಯಾಗಿ ಮುಗಿಯುವವೂ ಇವೆ. ಎಫ್‌ಐಆರ್ ಆದ ಮೇಲೆ ಅಡ್ವಾನ್ಸ್ ವಾಪಸ್ ಬರುತ್ತದೆ, ಇನ್ನು ಹೇಳದೆ ಬರುವುದಿಲ್ಲ ಎಂದು ಓನರ್ ಬರೆದುಕೊಡುತ್ತಾರೆ, ಇಬ್ಬರೂ ರಾಜಿಯಾಗುತ್ತಾರೆ. ಇದಕ್ಕೆ ಕಾನೂನಿನಲ್ಲೇ ಅವಕಾಶವಿದೆ. ಸುರಕ್ಷಾ ಸಂಹಿತೆಯ 359ನೇ ಕಲಮಿನಲ್ಲಿ, ಯಾವ ಅಪರಾಧವನ್ನು ಯಾರು ರಾಜಿ ಮಾಡಿಕೊಳ್ಳಬಹುದು ಎಂಬ ಪಟ್ಟಿಯಲ್ಲಿ, ಅತಿಕ್ರಮ ಪ್ರವೇಶ ಮತ್ತು ಗೃಹ ಅತಿಕ್ರಮಗಳ ಎದುರು ರಾಜಿ ಮಾಡಿಕೊಳ್ಳುವ ಅಧಿಕಾರವನ್ನು ಕೊಟ್ಟಿರುವುದು ಆ ಸ್ವತ್ತಿನ ಸ್ವಾಧೀನದಲ್ಲಿರುವವರಿಗೆ, ಅಂದರೆ ಬಾಡಿಗೆದಾರರಿಗೆ.